ಮೂರು ಸಲ ಹೋದರೂ ಡಾಕ್ಟರು ಸಿಗಲಿಲ್ಲ: ಸರ್ಕಾರಿ ಆಸ್ಪತ್ರೆಯ ಸಾಲಿನ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರ. ನಾವು ಅಘನಾಶಿನಿ ದಡದ ಒಂದು ಹಳ್ಳಿಯವರು. ನಮ್ಮ ಆಯಿಗೆ 66 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ ಇದೆ. ಈಚೆಗೆ ಪಾದಗಳು ಜೋಮು ಹಿಡಿದಂತಾಗುತ್ತವೆ ಎನ್ನುತ್ತಾಳೆ. ಒಂದು ತಿಂಗಳಲ್ಲಿ ಮೂರು ಸಲ ಪೇಟೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲ ಬಸ್ಸೇ ಏಳೂಕಾಲಿಗೆ. ಸೋಮವಾರ ನಮಗೆ ಸಿಕ್ಕಿದ್ದು 94ನೇ ಟೋಕನ್. ಒಂದೂವರೆಗೆ ‘ನಾಳೆ ಬನ್ನಿ’ ಎಂದರು. ಎರಡನೇ ಸಲ ಹೋದಾಗ ಡಾಕ್ಟರು ಕೋರ್ಟಿಗೆ ಹೋಗಿದ್ದರು. ಮೂರನೇ ಸಲ ಎರಡು ನಿಮಿಷ ನೋಡಿ, ಹಳೆಯ ಮಾತ್ರೆಗಳನ್ನೇ ಬರೆದು, ಚೀಟಿಯ ಕೆಳಗೆ ‘ದೊಡ್ಡ ಆಸ್ಪತ್ರೆಗೆ’ ಎಂದು ಬರೆದುಕೊಟ್ಟರು. ಪ್ರತಿ ಸಲವೂ ನನ್ನ ಒಂದು ದಿನದ ಸಂಬಳ ಹೋಯಿತು. ವಶೀಲಿ ಇಲ್ಲದವರಿಗೆ ಅಲ್ಲಿ ಡಾಕ್ಟರು ಸಿಗುವುದಿಲ್ಲ, ಪುಕ್ಕಟೆ ಮಾತ್ರೆಗೆ ಪವರ್ ಇರುವುದಿಲ್ಲ, ಬಿಪಿಎಲ್ ಕಾರ್ಡ್ ಇದ್ದರೆ ನೇರ ಮಣಿಪಾಲಕ್ಕೆ ಹೋಗಬಹುದು ಎಂದು ಊರಿನಲ್ಲಿ ಹೇಳುತ್ತಾರೆ. ಇದರಲ್ಲಿ ನಿಜ ಯಾವುದು? ಸಾಲ ಮಾಡಿಯಾದರೂ ಖಾಸಗಿಗೆ ತೋರಿಸಬೇಕೇ? ಆಯಿಯ ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಮೂರು ವಾರಗಳಿಂದ ಒಂದು ಸಣ್ಣ ಹುಣ್ಣೂ ಇದೆ. ನೋವಿಲ್ಲದ ಕಾರಣ ಅದನ್ನು ತೋರಿಸಲಿಲ್ಲ. ಈಗ ಅವಳು ‘ಆ ಸಾಲಿನಲ್ಲಿ ನಿಲ್ಲಲಿಕ್ಕೆ ನಾನು ಇನ್ನು ಬರುವುದಿಲ್ಲ’ ಎಂದು ಹಟ ಹಿಡಿದಿದ್ದಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಮಾತನ್ನು ನೀವು ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ ಬರೆದಿದ್ದೀರಿ. ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ. ಒಂಬತ್ತು ವರ್ಷಗಳ ಸಕ್ಕರೆ ಕಾಯಿಲೆ, ಜೋಮು ಹಿಡಿದ ಪಾದ ಮತ್ತು ಮೂರು ವಾರಗಳಿಂದ ಮಾಯದ ಹುಣ್ಣು, ಈ ಮೂರೂ ಒಂದೇ ಕಾಲಿನಲ್ಲಿ ಕೂಡಿದಾಗ ಅದು ತಜ್ಞರ ಸರದಿಗಾಗಿ ಕಾಯುವ ಕಾಯಿಲೆಯಾಗಿ ಉಳಿಯುವುದಿಲ್ಲ. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಸಂಗತಿಯೂ ಅಲ್ಲ. ಪಾದದ ನರಗಳು ಸಕ್ಕರೆಯಿಂದ ಸೊರಗಿರುವುದರಿಂದಲೇ ನೋವು ತಿಳಿಯುತ್ತಿಲ್ಲ. ಈ ಉತ್ತರ ಓದಿದ ಮರುದಿನವೇ ನಿಮ್ಮ ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಯಿಯವರನ್ನು ಕರೆದುಕೊಂಡು ಹೋಗಿ ಆ ಹುಣ್ಣನ್ನು ತೋರಿಸಿ. ಸುತ್ತಲಿನ ಚರ್ಮ ಕೆಂಪಾಗಿದ್ದರೆ, ಪಾದ ಊದಿದ್ದರೆ, ವಾಸನೆ ಅಥವಾ ಕೀವು ಇದ್ದರೆ, ಬೆರಳು ಕಪ್ಪಾಗುತ್ತಿದ್ದರೆ, ಚಳಿ-ಜ್ವರ ಬಂದಿದ್ದರೆ ಮರುದಿನದವರೆಗೂ ಕಾಯಬೇಡಿ; ಅದೇ ದಿನ, ರಾತ್ರಿಯಾದರೂ ಸರಿ, ತಾಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿಯವರೆಗೆ ಬರಿಗಾಲಿನಲ್ಲಿ ಅಂಗಳಕ್ಕೂ ಇಳಿಯುವುದು ಬೇಡ. ಹುಣ್ಣಿಗೆ ಸುಣ್ಣ, ಸೊಪ್ಪಿನ ರಸ, ಬಿಸಿ ಶಾಖ ಯಾವುದೂ ಬೇಡ. ಜೋಮಿರುವ ಕಾಲಿಗೆ ಬಿಸಿನೀರಿನ ಚೀಲ ಇಟ್ಟು, ಸುಟ್ಟದ್ದು ತಿಳಿಯದೆ, ಬೊಬ್ಬೆ ಎದ್ದ ಮೇಲೆ ಬಂದವರನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡಿದ್ದೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಣ ಕೇಳದ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಾಣುವುದು ಇಷ್ಟು ಕಷ್ಟವೇಕೆ, ಆ ಕಷ್ಟಕ್ಕೆ ಕಾರಣ ವಶೀಲಿಯೇ, ಉಡಾಫೆಯೇ ಅಥವಾ ಬೇರೆ ಏನಾದರೂ ಇದೆಯೇ ಎಂಬುದು ನಿಮ್ಮ ಆತಂಕವೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಘಟ್ಟದ ಮೇಲೆ ಮತ್ತು ಕೆಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಜಿಷಿಯನ್ ಆಗಿ, ಅಂದರೆ ಸಕ್ಕರೆ, ಬಿಪಿಯಂಥ ಕಾಯಿಲೆಗಳ ತಜ್ಞನಾಗಿ ದುಡಿದು ನಿವೃತ್ತನಾದವನು ನಾನು. ನಿಮ್ಮ ಸಿಟ್ಟು ನ್ಯಾಯವಾದದ್ದು. ಮೂರು ದಿನಗಳ ದುಡಿಮೆ ಕಳೆದುಕೊಂಡವರಿಗೆ ‘ಪುಕ್ಕಟೆಯಲ್ಲವೇ, ಸ್ವಲ್ಪ ಕಾಯಿರಿ’ ಎನ್ನುವುದು ಸರಿಯಲ್ಲ, ಏಕೆಂದರೆ ಅದು ಪುಕ್ಕಟೆಯಲ್ಲ. ಬಸ್ಸಿನ ಟಿಕೇಟು, ಆಟೊ, ಹೋಟೆಲಿನ ಊಟ, ಹೋದ ಸಂಬಳ ಎಲ್ಲವನ್ನೂ ಕೂಡಿಸಿದರೆ ಆ ಮೂರು ಭೇಟಿಗಳಿಗೆ ನೀವು ತೆತ್ತದ್ದು ಖಾಸಗಿ ಡಾಕ್ಟರರ ಒಂದು ಭೇಟಿಯ ಶುಲ್ಕಕ್ಕಿಂತ ಹೆಚ್ಚೇ ಆಗಿರಬಹುದು.

ಆ ಬಾಗಿಲಿನ ಒಳಗಡೆ ಏನು ನಡೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ತಾಲೂಕು ಆಸ್ಪತ್ರೆಯಲ್ಲಿ ಇಡೀ ತಾಲೂಕಿಗೆ ನಾನೊಬ್ಬನೇ ಫಿಜಿಷಿಯನ್. ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿಗಳ ಕೋಣೆಯ ಮುಂದೆ ಜನ ನಿಂತಿರುತ್ತಿದ್ದರು. ಆದರೆ ವಾರ್ಡಿನಲ್ಲಿ ರಾತ್ರಿ ದಾಖಲಾದವರನ್ನು ನೋಡದೆ ನಾನು ಹೊರಗೆ ಕೂರುವಂತಿರಲಿಲ್ಲ. ಹತ್ತಕ್ಕೆ ಕೂತರೆ ಹನ್ನೊಂದಕ್ಕೆ ಯಾರೋ ವಿಷ ಕುಡಿದವರನ್ನು ತರುತ್ತಿದ್ದರು, ಮುಕ್ಕಾಲು ಗಂಟೆ ಅಲ್ಲಿಗೆ ಹೋಗುತ್ತಿತ್ತು. ಅಪಘಾತ, ಹೊಡೆದಾಟ, ವಿಷಪ್ರಾಶನದ ಪ್ರಕರಣಗಳಲ್ಲಿ ಚಿಕಿತ್ಸೆ ಕೊಟ್ಟ ಸರ್ಕಾರಿ ವೈದ್ಯನಿಗೆ ವರ್ಷಗಳ ನಂತರ ನ್ಯಾಯಾಲಯದಿಂದ ಸಾಕ್ಷಿಗೆ ಸಮನ್ಸ್ ಬರುತ್ತದೆ, ಅದನ್ನು ತಪ್ಪಿಸುವಂತಿಲ್ಲ. ನಿಮ್ಮ ಎರಡನೇ ಭೇಟಿಯ ದಿನ ಆದದ್ದು ಬಹುಶಃ ಇದೇ. ಅಂಗವೈಕಲ್ಯ ಪ್ರಮಾಣಪತ್ರದ ಶಿಬಿರ, ಜಿಲ್ಲಾ ಸಭೆ, ರಾತ್ರಿ ಪಾಳಿ ಮುಗಿಸಿದ ಮರುದಿನದ ರಜೆ ಇವೆಲ್ಲವೂ ಅದೇ ಒಬ್ಬ ವ್ಯಕ್ತಿಯ ವೇಳೆಯಿಂದಲೇ ಕಳೆಯಬೇಕಾದವು. ಉಳಿದ ಮೂರು ಗಂಟೆಗಳಲ್ಲಿ 90 ಜನರನ್ನು ನೋಡಬೇಕಾದರೆ ಒಬ್ಬರಿಗೆ ಎರಡು ನಿಮಿಷ ಸಿಗುತ್ತದೆ. ನಿಮ್ಮ ತಾಯಿಯವರಿಗೆ ಸಿಕ್ಕ ಎರಡು ನಿಮಿಷ ಆ ಲೆಕ್ಕದಿಂದ ಬಂದದ್ದು. ಆ ಎರಡು ನಿಮಿಷಗಳಲ್ಲಿ ಚಪ್ಪಲಿ ಬಿಡಿಸಿ ಪಾದ ನೋಡುವುದು ಮರೆತುಹೋಗುತ್ತದೆ. ನಾನೂ ಹಾಗೆ ಮರೆತಿದ್ದೇನೆ. ಹೀಗೆ ಬಿಟ್ಟುಹೋದ ಒಂದು ಪಾದ ಎರಡು ತಿಂಗಳ ನಂತರ ಬೆರಳು ಕತ್ತರಿಸುವ ಹಂತದಲ್ಲಿ ನನ್ನ ಮುಂದೆ ಬಂದದ್ದು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗಾದರೆ ಇನ್ನಷ್ಟು ತಜ್ಞರನ್ನು ಏಕೆ ನೇಮಿಸುವುದಿಲ್ಲ ಎಂದು ನೀವು ಕೇಳಬಹುದು. ಹುದ್ದೆ ಮಂಜೂರಾಗಿದ್ದರೂ ಬರುವವರು ಕಡಿಮೆ, ಬಂದವರಲ್ಲಿ ನಿಲ್ಲುವವರು ಇನ್ನೂ ಕಡಿಮೆ. ಹುಬ್ಬಳ್ಳಿ, ಮಂಗಳೂರುಗಳ ಖಾಸಗಿ ಆಸ್ಪತ್ರೆಗಳು ಕೊಡುವ ಸಂಬಳ, ಮಕ್ಕಳ ಶಾಲೆ, ಗಂಡ-ಹೆಂಡತಿ ಇಬ್ಬರೂ ವೈದ್ಯರಾದರೆ ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗದಿರುವುದು, ಸಹಾಯಕ್ಕೆ ಇನ್ನೊಬ್ಬ ತಜ್ಞನಿಲ್ಲದೆ ವರ್ಷವಿಡೀ ಒಬ್ಬನೇ ಕರೆಗೆ ಓಗೊಡಬೇಕಾದ ದಣಿವು ಇವೆಲ್ಲ ಇದಕ್ಕೆ ಕಾರಣಗಳು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೈಕಟ್ಟೂ ಒಂದು ಕಾರಣವೇ. ಭಟ್ಕಳದಿಂದ ಹಳಿಯಾಳದವರೆಗೆ, ಕಡಲಿನಿಂದ ಘಟ್ಟದ ಮೇಲಿನ ಬಯಲಿನವರೆಗೆ 12 ತಾಲೂಕುಗಳು ಚದುರಿವೆ. ಜಿಲ್ಲಾಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇರುವ ಕಾರವಾರ ಒಂದು ಮೂಲೆಯಲ್ಲಿದೆ. ಮುಂಡಗೋಡಿನವರಿಗೆ ಹುಬ್ಬಳ್ಳಿ ಹತ್ತಿರ, ಭಟ್ಕಳದವರಿಗೆ ಮಣಿಪಾಲ ಹತ್ತಿರ, ಕಾರವಾರದವರಿಗೆ ಗಡಿಯಾಚೆಯ ಬಾಂಬೋಳಿ ಹತ್ತಿರ. ಅಲ್ಲಿನ ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2018ರಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸುತ್ತಾರೆ.

2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ನಾಕಾದಲ್ಲಿ ಉರುಳಿ ನಾಲ್ವರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆಗ ಮತ್ತೆ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದು, ನಾನೂ ಅದಕ್ಕೆ ದನಿಗೂಡಿಸಿದ್ದೇನೆ. ಆದರೆ ಹೃದಯದ ಶಸ್ತ್ರಚಿಕಿತ್ಸೆ, ಮೆದುಳಿನ ರಕ್ತಸ್ರಾವ, ದೊಡ್ಡ ಅಪಘಾತಗಳಿಗೆ ಉತ್ತರವಾಗುವ ಆ ಆಸ್ಪತ್ರೆ ನಾಳೆಯೇ ತೆರೆದರೂ ನಿಮ್ಮ ತಾಯಿಯವರ ತೊಂದರೆ ತಾನಾಗಿ ಪರಿಹಾರವಾಗುವುದಿಲ್ಲ. ಅವರಿಗೆ ಬೇಕಾದದ್ದು ತಿಂಗಳಿಗೊಮ್ಮೆ ಬಿಪಿ ಮತ್ತು ಸಕ್ಕರೆ ನೋಡಿ, ಪಾದ ಮುಟ್ಟಿ, ಮಾತ್ರೆ ಹೊಂದಿಸುವ ಒಬ್ಬ ವೈದ್ಯ. ಅಂಥವರು ಮನೆಯಿಂದ ಹತ್ತು ಕಿಲೋಮೀಟರಿನೊಳಗೆ ಇರಬೇಕು.

ಅಲ್ಲಿಗೆ ಒಂದು ಮುಖ್ಯ ಸಂಗತಿ ಬರುತ್ತದೆ. ನಿಯಮದ ಪ್ರಕಾರ ಬಯಲು ಪ್ರದೇಶದಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಇರಬೇಕು. ಸಕ್ಕರೆ, ಬಿಪಿ ಇರುವವರನ್ನು ನೋಂದಾಯಿಸಿಕೊಂಡು ತಿಂಗಳು ತಿಂಗಳು ಮಾತ್ರೆ ಕೊಡುವುದು ಅದರ ನಿತ್ಯದ ಕೆಲಸ. ಆದರೆ ನಮ್ಮ ಜನ ಪಿಎಚ್‌ಸಿಯನ್ನು ಜ್ವರ-ನೆಗಡಿಯ ಜಾಗವೆಂದು ತಿಳಿದು, ಮಾತ್ರೆ ಬರೆಸಿಕೊಳ್ಳಲಿಕ್ಕೂ ಪೇಟೆಯ ತಜ್ಞರ ಬಾಗಿಲಿಗೆ ಹೋಗುತ್ತಾರೆ. ನನ್ನ ಕೋಣೆಯ ಮುಂದೆ ನಿಲ್ಲುತ್ತಿದ್ದ 90 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹಳೆಯ ಮಾತ್ರೆಗಳನ್ನೇ ಮುಂದುವರಿಸಿಕೊಳ್ಳಲು ಬಂದವರಾಗಿರುತ್ತಿದ್ದರು. ಇದಕ್ಕೆ ನಾನು ಜನರನ್ನು ದೂರುವುದಿಲ್ಲ. ಪಿಎಚ್‌ಸಿಯಲ್ಲಿ ಡಾಕ್ಟರು ಇಲ್ಲದ, ಇದ್ದರೂ ಸಭೆಗೆ ಹೋಗಿದ್ದ, ಮಾತ್ರೆ ಮುಗಿದಿದ್ದ ದಿನಗಳನ್ನು ಕಂಡೇ ಅವರು ಹಾಗೆ ಮಾಡುತ್ತಾರೆ. ಆದರೆ ಪರಿಣಾಮ ಏನೆಂದರೆ, ನಿಜವಾಗಿ ತಜ್ಞರು ಬೇಕಾದವರೂ ಮಾತ್ರೆ ಬೇಕಾದವರೂ ಒಂದೇ ಸಾಲಿನಲ್ಲಿ ನಿಂತು, ಇಬ್ಬರಿಗೂ ಎರಡೆರಡು ನಿಮಿಷ ಸಿಗುತ್ತದೆ.

ಈಗ ಊರಿನವರ ಮಾತುಗಳನ್ನು ನೋಡೋಣ. ವಶೀಲಿ ಇದ್ದವರು ಮುಂದೆ ಹೋಗುತ್ತಾರೆಯೇ ಎಂದರೆ, ಹೌದು, ಹೋಗುತ್ತಾರೆ. ಪುಢಾರಿಗಳ ಫೋನು, ಸಿಬ್ಬಂದಿಯ ನೆಂಟರು, ಪರಿಚಯದ ನೌಕರರು ದಿನಕ್ಕೆ ನಾಲ್ಕೈದು ಮಂದಿಯಾದರೂ ನನ್ನ ಕೋಣೆಗೆ ಪಕ್ಕದ ಬಾಗಿಲಿನಿಂದ ಬಂದಿದ್ದಾರೆ. ಅದು ತಪ್ಪು, ಮತ್ತು ಸಾಲಿನಲ್ಲಿ ನಿಂತವರ ಕಣ್ಣೆದುರೇ ನಡೆಯುವುದರಿಂದ ಅದು ಮಾಡುವ ಗಾಯ ದೊಡ್ಡದು. ಆದರೂ ಲೆಕ್ಕ ಹಾಕಿದರೆ ಅದರಿಂದ ನಿಮಗಾದ ವಿಳಂಬ ಹತ್ತು-ಹದಿನೈದು ನಿಮಿಷ. 94ನೇ ಟೋಕನ್ನಿಗೆ ಸರದಿ ಬಾರದಿದ್ದುದಕ್ಕೆ ಕಾರಣ ಆ ಐದು ಜನರಲ್ಲ. ವಶೀಲಿ ಹಿಡಿಯಲು ಓಡಾಡುವ ಬದಲು ಆ ಶಕ್ತಿಯನ್ನು ಬೇರೆ ಕಡೆ ಬಳಸಿರಿ ಎಂಬ ಕಾರಣಕ್ಕೆ ಇದನ್ನು ಹೇಳುತ್ತಿದ್ದೇನೆ.

ಪುಕ್ಕಟೆ ಮಾತ್ರೆಗೆ ಪವರ್ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಸಕ್ಕರೆಯ ಮೆಟ್‌ಫಾರ್ಮಿನ್, ಬಿಪಿಯ ಅಮ್ಲೊಡಿಪಿನ್ ಮುಂತಾದವು ಸರ್ಕಾರಿ ಆಸ್ಪತ್ರೆಯಲ್ಲೂ ಔಷಧ ಅಂಗಡಿಯಲ್ಲೂ ಒಂದೇ ಔಷಧ. ಆದರೆ ಈ ನಂಬಿಕೆಯ ಹಿಂದೆ ಒಂದು ನಿಜವಾದ ತೊಂದರೆ ಅಡಗಿದೆ, ಅದನ್ನು ನೀವು ತಿಳಿದಿರಬೇಕು. ಸರ್ಕಾರಿ ಪೂರೈಕೆಯಲ್ಲಿ ಟೆಂಡರ್ ಬದಲಾದಂತೆ ಮಾತ್ರೆಯ ಕಂಪನಿ, ಬಣ್ಣ, ಗಾತ್ರ ಬದಲಾಗುತ್ತವೆ. ಹಿಂದಿನ ತಿಂಗಳು ಬಿಳಿ ಮಾತ್ರೆ ತಿಂದವರಿಗೆ ಈ ತಿಂಗಳು ಹಸಿರು ಮಾತ್ರೆ ಸಿಕ್ಕಾಗ, ಇದು ಹೊಸದೆಂದು ತಿಳಿದು ಮನೆಯಲ್ಲಿ ಉಳಿದಿದ್ದ ಬಿಳಿಯದನ್ನೂ ಜೊತೆಗೆ ನುಂಗುತ್ತಾರೆ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಹೀಗೆ ಎರಡು ಪಟ್ಟು ತಿಂದರೆ ಸಕ್ಕರೆ ಪ್ರಾಣಕ್ಕೆ ಅಪಾಯವಾಗುವಷ್ಟು ಇಳಿಯಬಹುದು. ಮಾತ್ರೆ ಬದಲಾದಾಗ ಹಳೆಯ ಮಾತ್ರೆಯ ಸ್ಟ್ರಿಪ್ಪನ್ನು ಫಾರ್ಮಸಿಯ ಕಿಟಕಿಯಲ್ಲೇ ತೋರಿಸಿ, ‘ಇದರ ಬದಲಿಗೆ ಇದೋ, ಇದರ ಜೊತೆಗೆ ಇದೋ’ ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳದೆ ಆಂಬುಲೆನ್ಸಿನಲ್ಲಿ ಬಂದವರು ಹಲವರಿದ್ದಾರೆ.

ಇದೇ ಸಂದರ್ಭದಲ್ಲಿ ಸಾಲಿನಲ್ಲೇ ನಡೆದ ಒಂದು ಘಟನೆಯನ್ನು ಹೇಳಲೇಬೇಕು. ಒಂದು ಸೋಮವಾರ ಹನ್ನೊಂದೂವರೆಯ ಹೊತ್ತಿಗೆ ಹೊರಗಿನ ಬೆಂಚಿನಿಂದ ಗದ್ದಲ ಕೇಳಿ ಎದ್ದು ಹೋದೆ. ನಿಮ್ಮ ತಾಯಿಯವರಷ್ಟೇ ವಯಸ್ಸಿನ ಒಬ್ಬ ಹೆಂಗಸು ಗೋಡೆಗೆ ಒರಗಿ ಕುಳಿತಿದ್ದರು. ಸೀರೆಯ ಸೆರಗು ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು, ಮುಷ್ಟಿಯಲ್ಲಿ ಟೋಕನ್ ಚೀಟಿ ಮುದುಡಿ ಹೋಗಿತ್ತು. ಪಕ್ಕದವರು ಲಕ್ವ ಹೊಡೆದಿದೆ ಎನ್ನುತ್ತಿದ್ದರು. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ 48ಕ್ಕೆ ಇಳಿದಿತ್ತು. ‘ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯುತ್ತಾರೆ’ ಎಂದು ಬೆಳಗಿನ ತಿಂಡಿ ಬಿಟ್ಟಿದ್ದರು, ಆದರೆ ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿ ಬಂದಿದ್ದರು. ಗ್ಲೂಕೋಸ್ ಏರಿಸಿದ ಕಾಲು ಗಂಟೆಯಲ್ಲಿ ಅವರು ತಮ್ಮ ಸರದಿ ತಪ್ಪಿತೇ ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಮರೆತಿಲ್ಲ. ಹಸಿದ ಹೊಟ್ಟೆಯ ಪರೀಕ್ಷೆ ಇದ್ದ ದಿನ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ನನ್ನು ತಿಂಡಿಯ ಹೊತ್ತಿಗೇ ತೆಗೆದುಕೊಳ್ಳಬೇಕು, ಮೊದಲು ಬೇಡ. ಬಿಪಿ ಮಾತ್ರೆಯನ್ನು ಸ್ವಲ್ಪ ನೀರಿನಲ್ಲಿ ಎಂದಿನಂತೆ ನುಂಗಬಹುದು. ಡಬ್ಬಿಯಲ್ಲಿ ತಿಂಡಿಯೂ ಜೇಬಿನಲ್ಲಿ ಬೆಲ್ಲದ ತುಂಡೋ ಸಕ್ಕರೆಯೋ ಇರಲಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ.

ಮೂರನೆಯದು ಕಾರ್ಡಿನ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ ಎಂಬುದು ನಿಜ. ಆದರೆ ಅದು ಮುಖ್ಯವಾಗಿ ದಾಖಲಾಗಿ ಪಡೆಯುವ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ. ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರರನ್ನು ಕಂಡು, ಪರೀಕ್ಷೆ ಮಾಡಿಸಿ, ಮಾತ್ರೆ ಬರೆಸಿಕೊಂಡು ಬರುವ ಹೊರರೋಗಿಯ ಖರ್ಚಿಗೆ ಅದು ಅನ್ವಯಿಸುವುದಿಲ್ಲ. ಮೊದಲೇ ಗೊತ್ತುಮಾಡಿ ಮಾಡುವ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ (ಮುಂದಿನ ಆಸ್ಪತ್ರೆಗೆ ಕಳಿಸುವ ಪತ್ರ) ಬೇಕು, ಮತ್ತು ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಲಭ್ಯವಿದ್ದರೆ ಸಾಮಾನ್ಯವಾಗಿ ರೆಫರಲ್ ಸಿಗುವುದಿಲ್ಲ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಇಲ್ಲದೆ ನೇರ ಹೋಗಬಹುದು. ಇದನ್ನು ತಿಳಿಯದೆ ಕಾರ್ಡ್ ಹಿಡಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಅಲ್ಲಿ ಹಣ ಕೇಳಿದಾಗ ಮೋಸವಾಯಿತೆಂದು ಹಿಂದಿರುಗಿದವರು ನಮ್ಮ ಕರಾವಳಿಯಲ್ಲಿ ಬಹಳ. ನಿಮ್ಮ ಚೀಟಿಯ ಕೆಳಗಿನ ‘ದೊಡ್ಡ ಆಸ್ಪತ್ರೆಗೆ’ ಎಂಬ ಎರಡು ಪದ ರೆಫರಲ್ ಅಲ್ಲ. ಯಾವ ವಿಭಾಗಕ್ಕೆ, ಯಾವ ಕಾರಣಕ್ಕೆ ಎಂಬುದು, ವೈದ್ಯರ ಸಹಿ ಮತ್ತು ಮೊಹರು ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯಲ್ಲಿ ನೀವು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಆರೋಗ್ಯಮಿತ್ರರನ್ನು ಹುಡುಕಿ ಅವರಲ್ಲಿ ಕೇಳಿ. ಅವರನ್ನು ಕಾಣಲು ಟೋಕನ್ ಬೇಡ.

ಮೊಬೈಲಿನ ಟೋಕನ್ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. 14 ಅಂಕಿಯ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಮಾಡಿಸಿಕೊಂಡು, ಆಸ್ಪತ್ರೆಯ ಕೌಂಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ಆ ವ್ಯವಸ್ಥೆ ಇರುವ ಕಡೆ ಹೆಸರು ಬರೆಸುವ ಸಾಲು ತಪ್ಪುತ್ತದೆ. ಡಾಕ್ಟರರ ಕೋಣೆಯ ಮುಂದಿನ ಸಾಲು ತಪ್ಪುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನ್ನ ಮೊದಲ ಸಲಹೆ, ತಾಯಿಯವರ ಸಕ್ಕರೆ ಮತ್ತು ಬಿಪಿಯ ನಿತ್ಯದ ಜವಾಬ್ದಾರಿಯನ್ನು ಹತ್ತಿರದ ಪಿಎಚ್‌ಸಿಯ ವೈದ್ಯಾಧಿಕಾರಿಗೆ ಒಪ್ಪಿಸುವುದು. ಪಾದಕ್ಕೆ ನೈಲಾನ್ ಎಳೆ ತಾಗಿಸಿ ಸ್ಪರ್ಶ ನೋಡುವುದಕ್ಕೂ, ಪಾದದ ನಾಡಿ ಹಿಡಿದು ನೋಡುವುದಕ್ಕೂ ಎಂಬಿಬಿಎಸ್ ಓದಿದ ಯಾವ ವೈದ್ಯರಾದರೂ ಸಾಕು, ಐದು ನಿಮಿಷ ಸಾಕು. ಇದರ ಅಪಾಯವೆಂದರೆ ಪಿಎಚ್‌ಸಿಯ ವೈದ್ಯರು ಮೇಲಿಂದ ಮೇಲೆ ಬದಲಾಗುತ್ತಾರೆ. ಕಡ್ಡಾಯ ಗ್ರಾಮೀಣ ಸೇವೆಗೆ ಬಂದವರು ಅವಧಿ ಮುಗಿದೊಡನೆ ಹೋಗುತ್ತಾರೆ. ಜನವರಿಯಿಂದ ಮೇ ತನಕ ಮಂಗನ ಕಾಯಿಲೆಯ ಕಾಲದಲ್ಲಿ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಕೇಂದ್ರಗಳ ಸಿಬ್ಬಂದಿ ಹಳ್ಳಿಗಳಲ್ಲೇ ಇರಬೇಕಾಗುತ್ತದೆ. ಆದ್ದರಿಂದ ನೆನಪು ಡಾಕ್ಟರರ ತಲೆಯಲ್ಲಿರದೆ ನಿಮ್ಮ ಕೈಯಲ್ಲಿರಬೇಕು: ಎರಡು ನೂರು ಪುಟದ ಒಂದು ನೋಟ್‌ಬುಕ್, ಅದರಲ್ಲಿ ದಿನಾಂಕ, ಬಿಪಿ, ಸಕ್ಕರೆ, ಮಾತ್ರೆಯ ಹೆಸರು ಮತ್ತು ಪ್ರಮಾಣ. ಮೂರು ನಿಮಿಷದ ಭೇಟಿಯನ್ನು ಹತ್ತು ನಿಮಿಷದ ಭೇಟಿಯಾಗಿಸುವ ಸಾಮರ್ಥ್ಯ ಅಂಥ ನೋಟ್‌ಬುಕ್ಕಿಗೆ ಇದೆ. ರಾಶಿ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಿಂದ ಸುರಿದಾಗ ಅದರಲ್ಲಿ ಹುಡುಕುವುದರಲ್ಲೇ ನನ್ನ ವೇಳೆ ಹೋಗುತ್ತಿತ್ತು.

ಮಾತ್ರೆ ಹೊಂದಿಸಲು ಸಲಹೆಯಷ್ಟೇ ಬೇಕಾದಾಗ ಇ-ಸಂಜೀವನಿ ಎಂಬ ಉಚಿತ ದೂರಸಲಹೆಯನ್ನು ಬಳಸಬಹುದು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೇ ವೀಡಿಯೊ ಮೂಲಕ ವೈದ್ಯರಿಗೆ ಜೋಡಿಸುತ್ತಾರೆ. ಹುಣ್ಣು, ಊತ, ಉಸಿರಾಟದ ತೊಂದರೆಗಳಿಗೆ ಇದು ಸಲ್ಲದು. ಮಳೆ-ಗಾಳಿಯ ದಿನಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ನಿಮಗೇ ಗೊತ್ತು.

ತಾಲೂಕು ಆಸ್ಪತ್ರೆಯ ತಜ್ಞರನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಕಂಡರೆ ಸಾಕಾಗುತ್ತದೆ. ಸೋಮವಾರ, ಹಬ್ಬದ ರಜೆಯ ಮರುದಿನ, ಪೇಟೆಯ ಸಂತೆಯ ದಿನ ಹೋಗಬೇಡಿ. ಹಿಂದಿನ ದಿನ ಆಸ್ಪತ್ರೆಗೆ ಫೋನು ಮಾಡಿ ಅಥವಾ ನಿಮ್ಮ ಆಶಾ ಕಾರ್ಯಕರ್ತೆಯ ಮೂಲಕ, ‘ನಾಳೆ ಫಿಜಿಷಿಯನ್ ಇದ್ದಾರೆಯೇ, ಕೋರ್ಟ್ ಅಥವಾ ಶಿಬಿರ ಇದೆಯೇ’ ಎಂದು ಕೇಳಿ. ರಕ್ತಪರೀಕ್ಷೆಯನ್ನು ಮೊದಲೇ ಪಿಎಚ್‌ಸಿಯಲ್ಲಿ ಮಾಡಿಸಿ ವರದಿಯೊಂದಿಗೆ ಹೋದರೆ ‘ಪರೀಕ್ಷೆ ಮಾಡಿಸಿ ನಾಳೆ ಬನ್ನಿ’ ಎಂಬ ಒಂದು ಇಡೀ ದಿನ ಉಳಿಯುತ್ತದೆ. ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಬೇಕು. ಅದನ್ನು ನೀವೇ ಬಾಯಿಬಿಟ್ಟು ಕೇಳಿ, ದಟ್ಟಣೆಯಲ್ಲಿ ಅದು ತಪ್ಪಿಹೋಗುವುದೇ ಹೆಚ್ಚು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಕ್ರಿಮ್ಸ್‌ನಲ್ಲಿ ವೈದ್ಯರ ಸಂಖ್ಯೆ ಹೆಚ್ಚು, ಆದರೆ ಕಲಿಕೆಯ ಆಸ್ಪತ್ರೆಯಾದ್ದರಿಂದ ಮೊದಲು ಕಿರಿಯ ವೈದ್ಯರು ನೋಡಿ ನಂತರ ಹಿರಿಯರು ನೋಡುತ್ತಾರೆ, ಒಂದು ಇಡೀ ದಿನ ಕೈಯಲ್ಲಿಟ್ಟುಕೊಂಡೇ ಹೋಗಬೇಕು. ಹುಣ್ಣು ಆಳವಾಗಿದ್ದರೆ, ಕಾಲಿನ ರಕ್ತಸಂಚಾರ ಕಡಿಮೆಯಾಗಿದ್ದರೆ ಅಲ್ಲಿಗೆ ಹೋಗುವುದೇ ಸರಿ.

ಮಳೆಗಾಲಕ್ಕೆ ಮುಂಚೆ ಎರಡು ತಿಂಗಳ ಮಾತ್ರೆ ಕೇಳಿ ಇಟ್ಟುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ (ಆಂಬುಲೆನ್ಸು ಉರುಳಿದ ಶಿರೂರು ಬೈಂದೂರು ಕಡೆಯದು, ಇದು ಬೇರೆ) ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದಂತೆ ರಸ್ತೆ ಮುಚ್ಚಿದಾಗ ಆಸ್ಪತ್ರೆಯ ಟೋಕನ್ನಿನ ಪ್ರಶ್ನೆಯೇ ಬರುವುದಿಲ್ಲ.

ಖಾಸಗಿಗೆ ಹೋಗುವುದು ತಪ್ಪಲ್ಲ. ಒಂದು ಸಲ ತಜ್ಞರ ಅಭಿಪ್ರಾಯ ಪಡೆದು, ಆ ಚೀಟಿಯನ್ನು ಪಿಎಚ್‌ಸಿಗೆ ತಂದು ಅಲ್ಲಿಂದ ಮಾತ್ರೆ ಮುಂದುವರಿಸಬಹುದು. ಖಾಸಗಿಗೆ ಹೋದವರನ್ನು ಸರ್ಕಾರಿ ಆಸ್ಪತ್ರೆಯವರು ನಿರಾಕರಿಸುವಂತಿಲ್ಲ. ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಬರೆದುಕೊಡಲು ಕೇಳಿ, ಆಗ ಪಿಎಚ್‌ಸಿಯಲ್ಲೂ ಜನೌಷಧಿ ಕೇಂದ್ರದಲ್ಲೂ ಅದನ್ನು ಹುಡುಕುವುದು ಸುಲಭ. ಆದರೆ ಸಾಲ ಮಾಡಿ ಹೋಗಬೇಡಿ. ಸಕ್ಕರೆ ಕಾಯಿಲೆ ಜೀವನಪೂರ್ತಿ ಇರುವಂಥದ್ದು. ಮೊದಲ ಭೇಟಿಗೆ ಸಾಲ ಮಾಡಿದ ಮನೆಯಲ್ಲಿ ಮೂರನೇ ತಿಂಗಳಿಗೆ ಮಾತ್ರೆ ನಿಂತುಹೋಗುವುದನ್ನು ನಾನು ಕಂಡಿದ್ದೇನೆ, ಮತ್ತು ಮಾತ್ರೆ ನಿಂತ ಸುದ್ದಿಯನ್ನು ಅವರು ಸಂಕೋಚದಿಂದ ಯಾವ ಡಾಕ್ಟರಿಗೂ ಹೇಳುವುದಿಲ್ಲ.

ಕೆಲವು ತೊಂದರೆಗಳಿಗೆ ಸಾಲು ಎಂಬುದೇ ಇಲ್ಲ. ಎದೆನೋವು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಏದುಸಿರು, ಹಾವಿನ ಕಡಿತ, ಪ್ರಜ್ಞೆ ತಪ್ಪುವುದು ಇವುಗಳಿಗೆ ಟೋಕನ್ ತೆಗೆಸಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ ಅಥವಾ 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧ ಕೊಡಬಹುದಾದ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿದೆ.

ದೂರು ಕೊಡಬೇಕೇ? ಕೊಡಿ. ‘ಡಾಕ್ಟರು ಸರಿಯಿಲ್ಲ’ ಎಂದು ಬರೆದ ಅರ್ಜಿ ಕಡತದಲ್ಲಿ ಉಳಿಯುತ್ತದೆ. ಇಂಥ ದಿನಾಂಕ, ಇಷ್ಟನೇ ಟೋಕನ್, ಇಷ್ಟು ಹೊತ್ತು ಕಾದೆವು, ತಜ್ಞರು ಇಲ್ಲದ ವಿಷಯವನ್ನು ಫಲಕದಲ್ಲಿ ಹಾಕಿರಲಿಲ್ಲ ಎಂದು ಬರೆದರೆ ಆಡಳಿತ ವೈದ್ಯಾಧಿಕಾರಿ ಉತ್ತರಿಸಬೇಕಾಗುತ್ತದೆ. ಪ್ರತಿಯನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ತಾಲೂಕು ಆರೋಗ್ಯಾಧಿಕಾರಿಗೂ ಕೊಡಿ, 104ರ ಸಹಾಯವಾಣಿಗೂ ಹೇಳಬಹುದು. ದೂರು ಕೊಟ್ಟರೆ ಮುಂದೆ ಸರಿಯಾಗಿ ನೋಡುವುದಿಲ್ಲವೆಂಬ ಹೆದರಿಕೆ ಜನರಲ್ಲಿದೆ. ಅದಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಊರಿನ ಐದಾರು ಮನೆಯವರು ಸೇರಿ ಸಹಿ ಮಾಡಿದರೆ ಆ ಹೆದರಿಕೆ ಕಡಿಮೆಯಾಗುತ್ತದೆ. ತಜ್ಞರ ರಜೆಯ ವಿವರವನ್ನು ಹಿಂದಿನ ಸಂಜೆಯೇ ಪಿಎಚ್‌ಸಿಗಳಿಗೆ ತಿಳಿಸಬೇಕು, ಹಳೆಯ ಮಾತ್ರೆಗಾಗಿ ಬರುವವರಿಗೆ ಬೇರೆ ಕೌಂಟರ್ ಇರಬೇಕು ಎಂಬ ಎರಡನ್ನು ಕೇಳಿ. ಎರಡನೆಯದನ್ನು ನಾನು ಒಂದು ಕಡೆ ಮಾಡಿಸಿದ್ದೆ. ಒಬ್ಬ ಶುಶ್ರೂಷಕಿ ಮತ್ತು ಒಂದು ಮೇಜು ಸಾಕಾಯಿತು.

ಕೊನೆಯದಾಗಿ ನಿಮ್ಮ ಆಯಿಯ ಹಟ. ಅವರಿಗೆ ಬುದ್ಧಿ ಹೇಳಲು ಹೋಗಬೇಡಿ, ಮೂರು ದಿನ ಆ ಬೆಂಚಿನ ಮೇಲೆ ಕುಳಿತವರು ಅವರು. ಪಿಎಚ್‌ಸಿಯ ಡ್ರೆಸ್ಸಿಂಗ್ ಕೋಣೆಗೆ ಟೋಕನ್ ಇಲ್ಲ, ಅಲ್ಲಿ ಸಿಸ್ಟರ್ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಾರೆ, ಡಾಕ್ಟರು ಅಲ್ಲಿಗೇ ಬಂದು ನೋಡುತ್ತಾರೆ ಎಂದಷ್ಟೇ ಹೇಳಿ. ಮೊದಲ ಸಲ ಆಶಾ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು, ಹತ್ತೂವರೆಯ ನಂತರ, ಬೆಳಗಿನ ಜನ ಕರಗಿದ ಮೇಲೆ ಹೋಗಿ. ತಿಂಡಿ ತಿನ್ನಿಸಿಯೇ ಹೊರಡಿಸಿ. ಎರಡೂ ಕಾಲಿನ ಚಪ್ಪಲಿಯನ್ನು ಕಳಚಿಸಿ ಎರಡೂ ಪಾದಗಳನ್ನು ತೋರಿಸಿ. ಡ್ರೆಸ್ಸಿಂಗ್ ಮತ್ತೆ ಯಾವಾಗ ಎಂದು ಕೇಳಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಒಂದು ವಾರದಲ್ಲಿ ಹುಣ್ಣು ಕಿರಿದಾಗುತ್ತಾ ಬಂದಿಲ್ಲವಾದರೆ ಅದೇ ವೈದ್ಯರಿಂದ ‘ಮಧುಮೇಹದ ಪಾದದ ಹುಣ್ಣು, ಶಸ್ತ್ರಚಿಕಿತ್ಸಾ ವಿಭಾಗಕ್ಕೆ’ ಎಂದು ಸ್ಪಷ್ಟವಾಗಿ, ಸಹಿ-ಮೊಹರಿನೊಂದಿಗೆ ರೆಫರಲ್ ಬರೆಸಿಕೊಂಡು ಮರುದಿನವೇ ಕಾರವಾರಕ್ಕೆ ಹೊರಡಿ.